ವೈದ್ಯಕೀಯ ಮಾರ್ಗಸೂಚಿ: ತಜ್ಞರ ಮಾತಿಗೆ ಎಷ್ಟು ತೂಕ?

ಎಳೆಯ ಮಗುವನ್ನು ಅಂಗಾತ ಮಲಗಿಸಬೇಕೋ, ಬೋರಲು ಮಲಗಿಸಬೇಕೋ? ಕಳೆದ ಶತಮಾನದ ಮಧ್ಯಭಾಗದಲ್ಲಿ ಪಾಶ್ಚಾತ್ಯ ದೇಶಗಳ ಅನೇಕ ಮಕ್ಕಳ ತಜ್ಞರು ಈ ಪ್ರಶ್ನೆಗೆ ‘ಬೋರಲು’ ಎಂದೇ ಉತ್ತರಿಸುತ್ತಿದ್ದರು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರುಗಟ್ಟೀತು ಎಂಬುದು ಅವರ ತರ್ಕ. ಅಮೆರಿಕದ ಪ್ರಸಿದ್ಧ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ ಕೂಡ 1950ರ ದಶಕದಲ್ಲಿ ಇದೇ ಸಲಹೆ ನೀಡಿತ್ತು. ತರ್ಕ ಸಮಂಜಸವಾಗಿಯೇ ಇತ್ತು, ಹೇಳಿದವರೂ ಅನುಭವಿಗಳು. ಆದರೆ ಸಲಹೆ ತಪ್ಪಾಗಿತ್ತು.

ಬೋರಲು ಮಲಗುವ ಶಿಶುಗಳಲ್ಲಿ ನಿದ್ರೆಯಲ್ಲೇ ಹಠಾತ್ ಸಾವು ಸಂಭವಿಸುವ ಅಪಾಯ ಹೆಚ್ಚು ಎಂಬುದು ಕ್ರಮೇಣ ದೃಢಪಟ್ಟಿತು. ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಅಂಗಾತ ಮಲಗಿಸುವಂತೆ ಪ್ರಚಾರಾಂದೋಲನ ಆರಂಭವಾಯಿತು. ಬ್ರಿಟನ್ನಿನ ಸಂಶೋಧಕಿ ರುತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿ ಹೊರಬಿತ್ತು. 1970ರ ವೇಳೆಗೆ ಲಭ್ಯವಿದ್ದ ಮಾಹಿತಿಯನ್ನು ಯಾರಾದರೂ ಕ್ರಮಬದ್ಧವಾಗಿ ಪರಿಶೀಲಿಸಿದ್ದರೆ ಈ ಅಪಾಯ ಆಗಲೇ ಗೊತ್ತಾಗುತ್ತಿತ್ತು. ಹಾಗಾಗಿದ್ದಲ್ಲಿ ಬ್ರಿಟನ್‌ನಲ್ಲಿ 10 ಸಾವಿರಕ್ಕೂ ಹೆಚ್ಚು ಶಿಶುಗಳನ್ನು, ಯೂರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50 ಸಾವಿರ ಶಿಶುಗಳನ್ನು ಉಳಿಸಬಹುದಿತ್ತು ಎಂದು ಅವರು ಅಂದಾಜಿಸಿದರು.

ವೈದ್ಯಕೀಯ ಮಾರ್ಗಸೂಚಿಗಳನ್ನು ಯಾರು ಬರೆಯಬೇಕು, ಅದರಲ್ಲಿ ವಿಷಯತಜ್ಞರ ಪಾತ್ರವೇನು ಎಂಬ ಚರ್ಚೆಗೆ ಇಷ್ಟು ಮಹತ್ವ ಬಂದಿರುವುದು ಇಂತಹ ಪ್ರಸಂಗಗಳಿಂದಲೇ.

ಮಾರ್ಗಸೂಚಿ ಎಂದರೇನು?

ನಿರ್ದಿಷ್ಟ ಕಾಯಿಲೆ ಅಥವಾ ಸನ್ನಿವೇಶದಲ್ಲಿ ಯಾವ ಪರೀಕ್ಷೆ ಮಾಡಿಸಬೇಕು, ಯಾವ ಔಷಧವನ್ನು ಎಷ್ಟು ಕಾಲ ಕೊಡಬೇಕು, ಯಾವುದನ್ನು ಕೊಡಬಾರದು ಎಂಬುದರ ಕುರಿತು ವೈದ್ಯರಿಗೂ ಆರೋಗ್ಯ ಸಿಬ್ಬಂದಿಗೂ ನೀಡುವ ಲಿಖಿತ ಶಿಫಾರಸುಗಳೇ ಮಾರ್ಗಸೂಚಿ. ವಿಶ್ವ ಆರೋಗ್ಯ ಸಂಸ್ಥೆ, ಆಯಾ ದೇಶದ ಸರ್ಕಾರಗಳು, ವೈದ್ಯರ ವೃತ್ತಿಪರ ಸಂಘಗಳು ಇವನ್ನು ಹೊರಡಿಸುತ್ತವೆ. ಭಾರತದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹಾಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ಕೆಲಸದಲ್ಲಿ ಮುಂಚೂಣಿಯಲ್ಲಿವೆ.

ಮಾರ್ಗಸೂಚಿ ಕಾನೂನಲ್ಲ. ರೋಗಿಯ ಸ್ಥಿತಿ ನೋಡಿ ವೈದ್ಯರು ಅದರಿಂದ ಆಚೆ ಹೋಗುವ ಅವಕಾಶ ಇದ್ದೇ ಇರುತ್ತದೆ. ಆದರೂ ಸರ್ಕಾರಿ ಆಸ್ಪತ್ರೆಗಳ ಔಷಧ ಖರೀದಿ, ಆರೋಗ್ಯ ವಿಮೆಯ ಪಾವತಿ, ವೈದ್ಯಕೀಯ ವಿದ್ಯಾರ್ಥಿಗಳ ಪಾಠ ಇವುಗಳ ಮೇಲೆಲ್ಲ ಅದರ ಪ್ರಭಾವ ಬೀಳುತ್ತದೆ. ಒಬ್ಬ ವೈದ್ಯರ ತಪ್ಪು ನಿರ್ಧಾರ ಅವರ ರೋಗಿಗಳನ್ನಷ್ಟೇ ಬಾಧಿಸಿದರೆ, ಮಾರ್ಗಸೂಚಿಯ ತಪ್ಪು ಇಡೀ ದೇಶದ ರೋಗಿಗಳನ್ನು ಬಾಧಿಸೀತು.

ತಜ್ಞರಿಲ್ಲದೆ ಆಗದು

ವಿಷಯವನ್ನು ಆಳವಾಗಿ ಬಲ್ಲವರಿಲ್ಲದೆ ಮಾರ್ಗಸೂಚಿ ರಚಿಸುವುದು ಅಸಾಧ್ಯ. ಕೇಳಬೇಕಾದ ಪ್ರಶ್ನೆ ಯಾವುದು ಎಂಬುದು ಮೊದಲು ಹೊಳೆಯುವುದು ದಿನನಿತ್ಯ ರೋಗಿಗಳನ್ನು ನೋಡುವವರಿಗೆ. ಯಾವ ಅಡ್ಡಪರಿಣಾಮ ಅಪಾಯಕಾರಿ, ಪ್ರಯೋಗದಲ್ಲಿ ಬಳಸಿದ ಔಷಧದ ಪ್ರಮಾಣ ನಮ್ಮ ಆಸ್ಪತ್ರೆಗೆ ಹೊಂದುವುದೇ, ವರದಿಯಲ್ಲಿ ಕಾಣುವ ಲಾಭ ರೋಗಿಗೆ ನಿಜಕ್ಕೂ ಲಾಭವೇ ಎಂಬುದನ್ನು ಅಂಕಿಅಂಶ ತಜ್ಞರೊಬ್ಬರೇ ಹೇಳಲಾರರು.

ಕೆಲವು ಕಾಯಿಲೆಗಳಲ್ಲಿ ತಜ್ಞರ ಅನುಭವವೇ ಮುಖ್ಯ ಆಧಾರ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯ ಪ್ರದೇಶದಲ್ಲಿ 1957ರಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯನ್ನೇ ತೆಗೆದುಕೊಳ್ಳಬಹುದು. ಆ ವೈರಸ್ಸನ್ನು ಮಣಿಸುವುದೆಂದು ಸಾಬೀತಾದ ನಿರ್ದಿಷ್ಟ ಔಷಧ ಇಲ್ಲ. ರಕ್ತಸ್ರಾವದ ಲಕ್ಷಣಗಳ ಮೇಲೆ ಯಾವಾಗ ಕಣ್ಣಿಡಬೇಕು, ಜ್ವರ ಇಳಿದ ನಂತರ ಕೆಲವರಲ್ಲಿ ಮತ್ತೆ ಕಾಣಿಸಿಕೊಳ್ಳುವ ನರಸಂಬಂಧಿ ತೊಂದರೆಯನ್ನು ಹೇಗೆ ಗುರುತಿಸಬೇಕು ಎಂಬುದನ್ನು ಮಲೆನಾಡಿನ ವೈದ್ಯರು ರೋಗಿಗಳನ್ನು ನೋಡಿಯೇ ಅರಿತದ್ದು.

ಅತಿಸಾರಕ್ಕೆ ಕೊಡುವ ಓಆರ್‌ಎಸ್ ದ್ರಾವಣದ ಕಥೆಯೂ ಇದನ್ನೇ ಹೇಳುತ್ತದೆ. ಉಪ್ಪು, ಸಕ್ಕರೆ ಬೆರೆಸಿದ ನೀರು ಕುಡಿಸಿ ಕಾಲರಾ ರೋಗಿಯ ಜೀವ ಉಳಿಸಬಹುದೆಂದು 1968ರಲ್ಲಿ ಢಾಕಾದಲ್ಲಿ ನಡೆದ ಪ್ರಯೋಗ ತೋರಿಸಿತ್ತು. ಆದರೆ ಆಸ್ಪತ್ರೆಯ ಹೊರಗೆ, ತರಬೇತಿ ಇಲ್ಲದವರ ಕೈಯಲ್ಲಿ ಇದು ನಡೆಯದು ಎಂಬ ಅಳುಕು ವೈದ್ಯಲೋಕದಲ್ಲಿತ್ತು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಮುಂದೆ ಈ ಚಿಕಿತ್ಸೆ ವಿಶ್ವ ಆರೋಗ್ಯ ಸಂಸ್ಥೆಯ ಅತಿಸಾರ ನಿಯಂತ್ರಣ ಕಾರ್ಯಕ್ರಮದ ಬೆನ್ನೆಲುಬಾಯಿತು. 2022ರಲ್ಲಿ ನಿಧನರಾದ ಮಹಲನಾಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಅನುಭವ ದಾರಿ ತಪ್ಪಿಸಿದಾಗ

ಆದರೆ ಇದೇ ಅನುಭವ ಕೆಲವೊಮ್ಮೆ ದಾರಿ ತಪ್ಪಿಸುವುದೂ ಉಂಟು. ಹೃದಯಾಘಾತದಿಂದ ಬದುಕುಳಿದವರಲ್ಲಿ ಹೃದಯ ಬಡಿತದ ಲಯ ಆಗಾಗ ತಪ್ಪುತ್ತಿದ್ದರೆ ಅವರು ಹಠಾತ್ತನೆ ಸಾಯುವ ಸಂಭವ ಹೆಚ್ಚು. ಲಯ ಸರಿಪಡಿಸುವ ಔಷಧ ಕೊಟ್ಟರೆ ಸಾವು ತಪ್ಪಿಸಬಹುದು ಎಂದು 1980ರ ದಶಕದ ಹೃದ್ರೋಗ ತಜ್ಞರು ನಂಬಿದ್ದರು. ಔಷಧ ಕೊಟ್ಟಾಗ ಇಸಿಜಿಯಲ್ಲಿ ಲಯ ಸರಿಹೋಗುವುದನ್ನು ಅವರು ಕಣ್ಣಾರೆ ಕಂಡಿದ್ದರು.

ಅಮೆರಿಕದಲ್ಲಿ ‘ಕಾಸ್ಟ್’ ಹೆಸರಿನ ಪ್ರಯೋಗ ನಡೆದು 1991ರಲ್ಲಿ ಅದರ ಪೂರ್ಣ ವರದಿ ಪ್ರಕಟವಾದಾಗ ಚಿತ್ರ ತಲೆಕೆಳಗಾಯಿತು. ಎನ್ಕೈನೈಡ್ ಅಥವಾ ಫ್ಲೆಕೈನೈಡ್ ಔಷಧ ಪಡೆದ 755 ರೋಗಿಗಳಲ್ಲಿ 63 ಮಂದಿ ಮೃತಪಟ್ಟಿದ್ದರು. ಔಷಧದಂತೆಯೇ ಕಾಣುವ ಹುಸಿಗುಳಿಗೆ ಪಡೆದ 743 ರೋಗಿಗಳಲ್ಲಿ ಮೃತಪಟ್ಟವರು 26 ಮಂದಿ ಮಾತ್ರ. ಇಸಿಜಿಯನ್ನು ಸರಿಪಡಿಸುತ್ತಿದ್ದ ಔಷಧವೇ ರೋಗಿಗಳ ಪ್ರಾಣಕ್ಕೆ ಎರವಾಗಿತ್ತು. ತನ್ನ ಬಳಿ ಮತ್ತೆ ಬರುವ ರೋಗಿಯನ್ನಷ್ಟೇ ನೋಡುವ ವೈದ್ಯರಿಗೆ, ಬಾರದೇ ಹೋದವರ ಲೆಕ್ಕ ಸಿಗುವುದಿಲ್ಲ. ಎರಡು ಗುಂಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಮಾತ್ರ ಆ ಲೆಕ್ಕ ಕಾಣುತ್ತದೆ.

ಎಲಿಯಟ್ ಆಂಟ್‌ಮನ್ ಮತ್ತು ಸಂಗಡಿಗರು 1992ರಲ್ಲಿ ಹೃದಯಾಘಾತದ ಚಿಕಿತ್ಸೆ ಕುರಿತು ತಜ್ಞರು ಬರೆದ ಪಠ್ಯ ಹಾಗೂ ಲೇಖನಗಳನ್ನು ಆಯಾ ಕಾಲದ ಪ್ರಯೋಗಗಳ ಒಟ್ಟು ಫಲಿತಾಂಶದೊಂದಿಗೆ ಹೋಲಿಸಿದರು. ರಕ್ತದ ಹೆಪ್ಪು ಕರಗಿಸುವ ಔಷಧಗಳು ಜೀವ ಉಳಿಸುತ್ತವೆ ಎಂಬುದು ಪ್ರಯೋಗಗಳಿಂದ ಸ್ಪಷ್ಟವಾಗಿದ್ದರೂ ಬಹುತೇಕ ತಜ್ಞರು ವರ್ಷಗಟ್ಟಲೆ ಅದನ್ನು ಶಿಫಾರಸು ಮಾಡಿರಲಿಲ್ಲ. ಲಾಭವಿಲ್ಲದ ಇನ್ನೊಂದು ಔಷಧವನ್ನು ಮಾತ್ರ ಶಿಫಾರಸು ಮಾಡುತ್ತಲೇ ಇದ್ದರು.

ಮದ್ರಾಸಿನ ಪ್ರಯೋಗ, ತುಮಕೂರಿನ ಪಾಠ

ಭಾರತದ ಕ್ಷಯರೋಗ ನಿಯಂತ್ರಣದ ಇತಿಹಾಸ ಈ ಇಡೀ ಚರ್ಚೆಗೆ ಕನ್ನಡಿ ಹಿಡಿಯುತ್ತದೆ. ಅದರ ಒಂದು ಮುಖ್ಯ ಅಧ್ಯಾಯ ಕರ್ನಾಟಕದಲ್ಲೇ ನಡೆದದ್ದು.

1950ರ ದಶಕದವರೆಗೆ ಕ್ಷಯ ಎಂದರೆ ಸ್ಯಾನಿಟೋರಿಯಂ ವಾಸ, ವಿಶ್ರಾಂತಿ, ಒಳ್ಳೆಯ ಗಾಳಿ, ಪುಷ್ಟಿಕರ ಆಹಾರ ಎಂಬುದು ಎದೆರೋಗ ತಜ್ಞರ ಒಮ್ಮತ. ಲಕ್ಷಾಂತರ ರೋಗಿಗಳಿದ್ದ ದೇಶದಲ್ಲಿ ಅಷ್ಟು ಹಾಸಿಗೆಗಳನ್ನು ಒದಗಿಸುವುದು ಕನಸಿನ ಮಾತಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿ ಜೊತೆಗೂಡಿ 1956ರಲ್ಲಿ ಮದ್ರಾಸಿನಲ್ಲಿ ಕ್ಷಯರೋಗ ಔಷಧೋಪಚಾರ ಕೇಂದ್ರವನ್ನು ತೆರೆದವು. ಅಲ್ಲಿ ಇನ್ನೂರಕ್ಕೆ ಸಮೀಪದ ಸಂಖ್ಯೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಒಂದು ವರ್ಷ ಅದೇ ಔಷಧ ನೀಡಲಾಯಿತು. ಮನೆಯಲ್ಲಿದ್ದವರು ಬಡವರು. ಇಕ್ಕಟ್ಟಾದ ವಾಸ, ಅರೆಹೊಟ್ಟೆ ಊಟ, ಅದರ ನಡುವೆಯೇ ದುಡಿಮೆ.

1959ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರನ್ನು ಅಚ್ಚರಿಗೊಳಿಸಿತು. ಗುಣಮುಖರಾದವರ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಇರಲಿಲ್ಲ. ಮನೆಯಲ್ಲಿ ಚಿಕಿತ್ಸೆ ಪಡೆದವರಿಂದ ಮನೆಮಂದಿಗೆ ಹೆಚ್ಚಾಗಿ ರೋಗ ತಗುಲಿದ್ದೂ ಕಂಡುಬರಲಿಲ್ಲ. ಸ್ಯಾನಿಟೋರಿಯಂ ಯುಗ ಕೊನೆಗಾಣಲು ಇದು ದೊಡ್ಡ ಕಾರಣವಾಯಿತು.

ಮನೆಯಲ್ಲೇ ಚಿಕಿತ್ಸೆ ಸಾಧ್ಯ ಎಂದಾದ ಮೇಲೆ ಉಳಿದ ಪ್ರಶ್ನೆ, ಹಳ್ಳಿಗಳಲ್ಲಿ ಹರಡಿರುವ ರೋಗಿಗಳನ್ನು ಹುಡುಕುವುದು ಹೇಗೆ ಎಂಬುದು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ಈ ಹೊಣೆ ಬಿತ್ತು. ಅಲ್ಲಿ ಎದೆರೋಗ ತಜ್ಞರ ಜೊತೆಗೆ ಸಮಾಜ ವಿಜ್ಞಾನ, ಅಂಕಿಅಂಶ, ಸಾಂಕ್ರಾಮಿಕ ರೋಗಶಾಸ್ತ್ರ ಬಲ್ಲವರನ್ನೂ ಸೇರಿಸಿಕೊಂಡದ್ದು ವಿಶೇಷ.

ಹಳ್ಳಿಗರಿಗೆ ರೋಗದ ಅರಿವಿಲ್ಲ, ಅವರು ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ಘಟಕಗಳೇ ಊರೂರಿಗೆ ಹೋಗಬೇಕು ಎಂಬ ಅಭಿಪ್ರಾಯ ಆಗ ಪ್ರಚಲಿತದಲ್ಲಿತ್ತು. ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನೇ ಮಾತನಾಡಿಸಿದರು. 1963ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಬಹುತೇಕ ರೋಗಿಗಳಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆರೋಗ್ಯ ಕೇಂದ್ರಗಳ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕಫ ಪರೀಕ್ಷೆಯಲ್ಲ, ಕೆಮ್ಮಿನ ಔಷಧದ ಬಾಟಲಿ. ಅಂದರೆ ರೋಗಿ ಆಸ್ಪತ್ರೆಗೆ ಬಂದಿದ್ದ. ಆಸ್ಪತ್ರೆಯೇ ಅವನನ್ನು ಗುರುತಿಸಿರಲಿಲ್ಲ.

ಸಾಮಾನ್ಯ ಆರೋಗ್ಯ ಕೇಂದ್ರಕ್ಕೆ ಬರುವ ಕೆಮ್ಮಿನ ರೋಗಿಗಳ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲೇ ಔಷಧ ಕೊಡಬೇಕು ಎಂಬ ತತ್ವದ ಮೇಲೆ 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೂಪುಗೊಂಡಿತು. ಶ್ವಾಸಕೋಶವನ್ನು ಬಲ್ಲ ತಜ್ಞರಿಗೆ ಕಾಣದೇ ಹೋದದ್ದು ರೋಗಿಯ ಬದುಕನ್ನು ಬಲ್ಲವರಿಗೆ ಕಂಡಿತ್ತು.

ವಾರಕ್ಕೆ ಮೂರು ದಿನವೋ, ಪ್ರತಿದಿನವೋ?

ಕ್ಷಯದ ವಿಷಯದಲ್ಲಿ ತಜ್ಞರ ನಡುವೆಯೇ ಭಿನ್ನಮತ ಮೂಡಿದ ಇನ್ನೊಂದು ಪ್ರಸಂಗ ಇತ್ತೀಚಿನದು. 1997ರಲ್ಲಿ ಜಾರಿಗೆ ಬಂದ ಪರಿಷ್ಕೃತ ಕಾರ್ಯಕ್ರಮದಲ್ಲಿ ರೋಗಿಗೆ ವಾರಕ್ಕೆ ಮೂರು ದಿನ, ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ಗುಳಿಗೆ ನುಂಗಿಸುವ ಪದ್ಧತಿ ಇತ್ತು. ಪ್ರತಿದಿನ ಎದುರು ನಿಂತು ನುಂಗಿಸುವುದು ಕಷ್ಟ. ವಾರಕ್ಕೆ ಮೂರು ದಿನವಾದರೆ ಸಾಧ್ಯ ಎಂಬುದು ಕಾರ್ಯಕ್ರಮ ನಿರ್ವಹಿಸುವವರ ವಾದ. ಅದಕ್ಕೆ ಪ್ರಯೋಗಗಳ ಬೆಂಬಲವೂ ಇತ್ತು. ಪ್ರತಿದಿನದ ಔಷಧವೇ ಸುರಕ್ಷಿತ ಎಂಬುದು ಅನೇಕ ಎದೆರೋಗ ತಜ್ಞರ ನಿಲುವಾಗಿತ್ತು.

ಕಾಲಕ್ರಮೇಣ ಪುರಾವೆಗಳು ಪ್ರತಿದಿನದ ಪದ್ಧತಿಯತ್ತ ವಾಲಿದವು. ಭಾರತದ 2014ರ ಕ್ಷಯ ಚಿಕಿತ್ಸಾ ಮಾನದಂಡಗಳು ಪ್ರತಿದಿನದ ಔಷಧವನ್ನು ಶಿಫಾರಸು ಮಾಡಿದವು. ಆದರೂ ಕಾರ್ಯಕ್ರಮ ಕೂಡಲೇ ಬದಲಾಗಲಿಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಒಂಬತ್ತು ತಿಂಗಳೊಳಗೆ ಬದಲಾವಣೆ ತರುವಂತೆ ಸೂಚಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ವಾರಕ್ಕೆ ಮೂರು ದಿನದ ಪದ್ಧತಿಯನ್ನು ಬಳಸಬಾರದೆಂದು ಹೇಳಿತು. ಅದರಲ್ಲಿ ರೋಗ ಮರುಕಳಿಸುವ ಹಾಗೂ ಔಷಧಕ್ಕೆ ಬಗ್ಗದಂತಾಗುವ ಸಂಭವ ಹೆಚ್ಚು ಎಂಬುದು ಇದಕ್ಕೆ ಕಾರಣ. 2017ರ ಅಂತ್ಯದ ವೇಳೆಗೆ ಭಾರತದಲ್ಲಿ ಪ್ರತಿದಿನದ ಪದ್ಧತಿ ಜಾರಿಗೆ ಬಂತು.

ಹಿತಾಸಕ್ತಿಯ ಪ್ರಶ್ನೆ

ವಿಷಯತಜ್ಞರ ಪಾತ್ರ ಕುರಿತ ಅನುಮಾನಕ್ಕೆ ಇನ್ನೊಂದು ಕಾರಣ ಔಷಧ ಕಂಪನಿಗಳ ನಂಟು. ಮಾರ್ಗಸೂಚಿ ರಚಿಸಿದ ವೈದ್ಯರನ್ನು ಕುರಿತು 2002ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಉತ್ತರಿಸಿದವರ ಪೈಕಿ ಶೇ. 87ರಷ್ಟು ಮಂದಿಗೆ ಔಷಧ ಉದ್ಯಮದೊಂದಿಗೆ ಒಂದಲ್ಲ ಒಂದು ಬಗೆಯ ಸಂಬಂಧ ಇದ್ದುದು ಕಂಡುಬಂತು. ಹೆಸರಾಂತ ತಜ್ಞರನ್ನೇ ಕಂಪನಿಗಳು ಸಲಹೆ, ಸಂಶೋಧನೆ, ಉಪನ್ಯಾಸಗಳಿಗೆ ಕರೆಯುವುದರಿಂದ ಈ ನಂಟು ಸಹಜವಾಗಿ ಬೆಳೆಯುತ್ತದೆ.

ಹಣವೊಂದೇ ಹಿತಾಸಕ್ತಿಯಲ್ಲ. ತಾನೇ ಸಂಶೋಧಿಸಿದ ಚಿಕಿತ್ಸೆ, ತನ್ನ ವಿಭಾಗದ ಶಸ್ತ್ರಕ್ರಿಯೆ, ಜೀವನವಿಡೀ ಬೋಧಿಸಿದ ಸಿದ್ಧಾಂತ ಇವುಗಳತ್ತ ಒಲವು ಇರುವುದು ಮನುಷ್ಯ ಸಹಜ. ಆರೋಪ ಹೊರಿಸದೆಯೇ ಇದಕ್ಕೆ ಪರಿಹಾರ ಹುಡುಕಬೇಕು ಎಂಬುದು ಈ ಕ್ಷೇತ್ರದಲ್ಲಿ ನೆಲೆಗೊಂಡಿರುವ ನಿಲುವು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರ ವರದಿಯಲ್ಲಿ, ಸಮಿತಿಯ ಸದಸ್ಯರೆಲ್ಲರೂ ತಮ್ಮ ಹಿತಾಸಕ್ತಿ ಘೋಷಿಸಬೇಕು, ಹಿತಾಸಕ್ತಿ ಉಳ್ಳವರು ಅಲ್ಪಸಂಖ್ಯೆಯಲ್ಲಿರಬೇಕು, ಅಧ್ಯಕ್ಷರಿಗೆ ಅಂತಹ ನಂಟು ಇರಬಾರದು ಎಂದು ಸಲಹೆ ಮಾಡಿತು.

ಬದಲಾದ ವ್ಯವಸ್ಥೆ

ವಿಶ್ವ ಆರೋಗ್ಯ ಸಂಸ್ಥೆ ಸ್ವತಃ ಈ ವಿಷಯದಲ್ಲಿ ಟೀಕೆ ಎದುರಿಸಿತ್ತು. ಆ್ಯಂಡ್ರ್ಯೂ ಆಕ್ಸ್‌ಮನ್ ಮತ್ತು ಸಂಗಡಿಗರು 2007ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಸ್ಥೆಯ ಶಿಫಾರಸುಗಳು ಆಯಾ ವಿಷಯದ ತಜ್ಞರನ್ನೇ ಹೆಚ್ಚಾಗಿ ಅವಲಂಬಿಸಿದ್ದವು. ಪುರಾವೆಗಳ ಕ್ರಮಬದ್ಧ ಪರಿಶೀಲನೆ ಅಪರೂಪವಾಗಿತ್ತು; ಶಿಫಾರಸಿನ ಪರಿಣಾಮ ಅನುಭವಿಸುವ ಜನರ ಪ್ರತಿನಿಧಿಗಳಿಗೆ ಅವಕಾಶ ಕಡಿಮೆ ಇತ್ತು. ಅದೇ ವರ್ಷ ಸಂಸ್ಥೆ ಮಾರ್ಗಸೂಚಿ ಪರಿಶೀಲನಾ ಸಮಿತಿಯನ್ನು ರಚಿಸಿತು.

ಇಂದು ಬಹುತೇಕ ದೊಡ್ಡ ಸಂಸ್ಥೆಗಳು ‘ಗ್ರೇಡ್’ ಎಂಬ ಪದ್ಧತಿಯನ್ನು ಅನುಸರಿಸುತ್ತವೆ. ಮೊದಲು ಪ್ರಶ್ನೆಯನ್ನು ಖಚಿತಗೊಳಿಸಲಾಗುತ್ತದೆ. ನಂತರ ಪರವಾದ, ವಿರುದ್ಧವಾದ ಅಧ್ಯಯನಗಳನ್ನೆಲ್ಲ ಹುಡುಕಿ ಒಟ್ಟುಗೂಡಿಸಲಾಗುತ್ತದೆ. ಪುರಾವೆಯ ಮೇಲೆ ಇಡಬಹುದಾದ ಭರವಸೆಯನ್ನು ಹೆಚ್ಚು, ಮಧ್ಯಮ, ಕಡಿಮೆ, ಅತಿ ಕಡಿಮೆ ಎಂದು ನಾಲ್ಕು ದರ್ಜೆಗಳಲ್ಲಿ ನಮೂದಿಸಲಾಗುತ್ತದೆ. ಲಾಭ, ಹಾನಿ, ವೆಚ್ಚ, ರೋಗಿಗಳ ಆದ್ಯತೆ ಇವನ್ನು ತೂಗಿ, ಶಿಫಾರಸು ಬಲವಾದದ್ದೋ ಷರತ್ತಿಗೆ ಒಳಪಟ್ಟದ್ದೋ ಎಂದು ಕೊನೆಯಲ್ಲಿ ಹೇಳಲಾಗುತ್ತದೆ.

1999ರಲ್ಲಿ ಆರಂಭವಾದ ಬ್ರಿಟನ್ನಿನ ‘ನೈಸ್’ ಸಂಸ್ಥೆಯ ಸಮಿತಿಗಳಲ್ಲಿ ತಜ್ಞರ ಜೊತೆ ರೋಗಿಗಳ ಅಥವಾ ಜನಸಾಮಾನ್ಯರ ಪ್ರತಿನಿಧಿಗಳೂ ಕೂರುತ್ತಾರೆ. ಅಮೆರಿಕದ ಎದೆರೋಗ ವೈದ್ಯರ ಕಾಲೇಜು 2012ರಲ್ಲಿ ಹೊರತಂದ ರಕ್ತ ಹೆಪ್ಪುಗಟ್ಟುವಿಕೆ ಕುರಿತ ಮಾರ್ಗಸೂಚಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಪ್ರತಿ ಅಧ್ಯಾಯದ ಅಂತಿಮ ಹೊಣೆಯನ್ನು ಸಂಶೋಧನಾ ವಿಧಾನ ಬಲ್ಲ, ಹಿತಾಸಕ್ತಿ ಇಲ್ಲದವರಿಗೆ ಒಪ್ಪಿಸಿ, ವಿಷಯತಜ್ಞರನ್ನು ಅವರ ಜೊತೆಗಾರರನ್ನಾಗಿ ಇರಿಸಿತು.

ಇಷ್ಟಾದರೂ ತಜ್ಞರ ಅಭಿಪ್ರಾಯದ ಪಾಲು ಕುಗ್ಗಿಲ್ಲ. ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿಗಳನ್ನು 2009ರಲ್ಲಿ ಪರಿಶೀಲಿಸಿದಾಗ, ಅತ್ಯುತ್ತಮ ದರ್ಜೆಯ ಪುರಾವೆ ಇದ್ದುದು ಸುಮಾರು ಶೇ. 11ರಷ್ಟು ಶಿಫಾರಸುಗಳಿಗೆ. ಶೇ. 48ರಷ್ಟು ಶಿಫಾರಸುಗಳು ತಜ್ಞರ ಅಭಿಪ್ರಾಯ ಮತ್ತು ಅಂತಹುದೇ ಕೆಳದರ್ಜೆಯ ಆಧಾರದ ಮೇಲೆ ನಿಂತಿದ್ದವು.

ಕೋವಿಡ್ ಕಲಿಸಿದ್ದು

ಕೋವಿಡ್ ಕಾಲದಲ್ಲಿ ಈ ಚರ್ಚೆ ಮನೆಮನೆಗೂ ಬಂತು. ಗುಣಮುಖರಾದವರ ಪ್ಲಾಸ್ಮಾ ಕೊಟ್ಟರೆ ರೋಗಿ ಚೇತರಿಸಿಕೊಳ್ಳುತ್ತಾರೆ ಎಂಬ ನಿರೀಕ್ಷೆಯಿಂದ 2020ರಲ್ಲಿ ದೇಶದೆಲ್ಲೆಡೆ ಪ್ಲಾಸ್ಮಾಕ್ಕಾಗಿ ಜನ ಅಲೆದಾಡಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಪ್ಲಾಸ್ಮಾದಿಂದ ಸಾವು ಅಥವಾ ರೋಗ ಉಲ್ಬಣಿಸುವುದು ತಗ್ಗಿದ್ದು ಕಾಣಲಿಲ್ಲ. ಈ ವರದಿ 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಆದರೆ ರಾಷ್ಟ್ರೀಯ ಮಾರ್ಗಸೂಚಿಯಿಂದ ಪ್ಲಾಸ್ಮಾ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಡೆಕ್ಸಾಮೆಥಾಸೋನ್. ಕೋವಿಡ್‌ಗೆ ಸ್ಟೀರಾಯ್ಡನ್ನು ವಾಡಿಕೆಯಾಗಿ ಕೊಡಬಾರದೆಂಬ ಎಚ್ಚರಿಕೆ ಆರಂಭದ ಮಾರ್ಗಸೂಚಿಗಳಲ್ಲಿತ್ತು. ಬ್ರಿಟನ್ನಿನ ‘ರಿಕವರಿ’ ಪ್ರಯೋಗ 2020ರ ಜೂನ್ 16ರಂದು ಫಲಿತಾಂಶ ಘೋಷಿಸಿತು. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಈ ಅಗ್ಗದ ಔಷಧ ಸಾವನ್ನು ಮೂರನೇ ಒಂದರಷ್ಟು ತಗ್ಗಿಸಿತ್ತು. ಆಮ್ಲಜನಕದ ಅಗತ್ಯವಿಲ್ಲದವರಿಗೆ ಅದರಿಂದ ಲಾಭ ಕಾಣಲಿಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಗೆರೆ ಸ್ಪಷ್ಟವಾದದ್ದು ಆಗಲೇ.

ಓದುಗರು ಗಮನಿಸಬೇಕಾದ್ದು

ಮಾರ್ಗಸೂಚಿಯ ಹೆಸರಿನಲ್ಲಿ ಬರುವ ಪ್ರತಿಯೊಂದು ಸುದ್ದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ. ಅದನ್ನು ಬರೆದವರ ಹೆಸರು, ಹಿತಾಸಕ್ತಿ ಬಹಿರಂಗವಾಗಿವೆಯೇ, ಸಮಿತಿಯಲ್ಲಿ ಒಂದೇ ವಿಭಾಗದ ವೈದ್ಯರಿದ್ದಾರೆಯೇ ಅಥವಾ ಕುಟುಂಬ ವೈದ್ಯರು, ದಾದಿಯರು, ರೋಗಿಗಳ ಪ್ರತಿನಿಧಿಗಳೂ ಇದ್ದಾರೆಯೇ, ಪ್ರತಿ ಶಿಫಾರಸಿನ ಹಿಂದಿನ ಪುರಾವೆಯ ದರ್ಜೆ ನಮೂದಾಗಿದೆಯೇ, ಕೊನೆಯ ಪರಿಷ್ಕರಣೆ ಯಾವಾಗ ನಡೆದದ್ದು ಎಂಬುದನ್ನು ನೋಡಬಹುದು. ಇವುಗಳ ಆಧಾರದಲ್ಲಿ ಸ್ವಂತ ಔಷಧವನ್ನು ನಿಲ್ಲಿಸುವುದಾಗಲಿ ಬದಲಿಸುವುದಾಗಲಿ ಸಲ್ಲದು. ಆದರೆ ‘ಈ ಸಲಹೆಗೆ ಆಧಾರವೇನು’ ಎಂದು ವೈದ್ಯರನ್ನು ಕೇಳುವ ಹಕ್ಕು ರೋಗಿಗೆ ಇದೆ.

ಪ್ರಶ್ನೆ ಎತ್ತಲು, ಉತ್ತರವನ್ನು ರೋಗಿಯ ಹಾಸಿಗೆಯ ಬಳಿಗೆ ತರಲು ವಿಷಯತಜ್ಞರು ಬೇಕೇ ಬೇಕು. ಆದರೆ ಉತ್ತರ ಸರಿಯೇ ಎಂದು ತೀರ್ಮಾನಿಸುವಾಗ ಅವರ ಮಾತೊಂದೇ ಸಾಲದು. ಹೋಲಿಸಿ ನೋಡಿದ ಪುರಾವೆಯೂ, ಆ ಸಲಹೆಯನ್ನು ಬಾಳಬೇಕಾದವರ ಮಾತೂ ಜೊತೆಗಿರಬೇಕು. ಮದ್ರಾಸಿನ ಪ್ರಯೋಗ ಮತ್ತು ತುಮಕೂರಿನ ಹಳ್ಳಿಗಳ ಅಧ್ಯಯನ ಆರು ದಶಕಗಳ ಹಿಂದೆಯೇ ತೋರಿಸಿಕೊಟ್ಟದ್ದು ಇದನ್ನೇ.